ಶ್ರೀಮಠದ ಗ್ರಂಥಭಂಡಾರಕ್ಕೆ ತಕ್ಕ ಕಡತವ್ಯವಸ್ಥೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಗ್ರಂಥಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



 

ಶ್ರೀಮಠದ ಭಂಡಾರದಲ್ಲಿರುವ ಓಲೆಯ ಕಟ್ಟುಗಳಿಗೂ ಹಳೆಯ ಲೆಕ್ಕದ ಕಡತಗಳಿಗೂ ಛಾಯಾಚಿತ್ರ ತೆಗೆಯಿಸಿ, ಅವುಗಳನ್ನು ಗಣಕಯಂತ್ರದಲ್ಲಿ ಕಾಪಿಡಬೇಕೆಂದು ಶ್ರೀ ಸನ್ನಿಧಿಯವರು ಅಪ್ಪಣೆ ಕೊಡಿಸಿರುವರು. ಆ ಗಣಕಯಂತ್ರವನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಿಂದ ನಡೆಯಿಸತಕ್ಕದ್ದೆಂಬುದೂ ನಿಶ್ಚಯವಾಗಿದೆ. ಉಳಿದಿರುವುದು ಒಂದೇ ಪ್ರಶ್ನೆ: ಆ ಲಿನಕ್ಸಿನೊಳಗೆ ಯಾವ ಕಡತವ್ಯವಸ್ಥೆಯನ್ನು ಆರಿಸಿಕೊಳ್ಳಬೇಕು? ಈ ವಿಷಯವಾಗಿ ನಾಲ್ಕು ಮಾತು ವಿಜ್ಞಾಪಿಸಬೇಕೆಂದು ನನಗೆ ಆಜ್ಞೆಯಾಗಿದೆ. ಪೂಜೆ, ಪ್ರಸಾದ, ವಚನಗೋಷ್ಠಿಗಳ ನಡುವೆ ಇಂಥ ಒಣ ವಿಷಯವೇಕೆಂದು ಕೆಲವರಿಗೆ ತೋರಬಹುದು. ಆದರೆ ಈ ಆಯ್ಕೆಯನ್ನು ಒಮ್ಮೆ ಮಾಡಿದ ಬಳಿಕ ಬದಲಿಸುವುದೆಂದರೆ ಬಹುಮಟ್ಟಿಗೆ ಭಂಡಾರವನ್ನೆಲ್ಲಾ ಬರಿದುಮಾಡಿ ಮತ್ತೆ ತುಂಬುವಷ್ಟು ಕೆಲಸವಾದುದರಿಂದ, ಮೊದಲೇ ಸಾವಧಾನವಾಗಿ ಯೋಚಿಸುವುದು ಲೇಸು.

ಕಡತವೆಂಬ ಮಾತು ನಮಗೆ ಹೊಸದಲ್ಲ. ಈಗ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಆ ಹೆಸರು ನಿಂತಿದೆ. ನಮ್ಮ ಹಿರಿಯರ ಕಡತವು ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕರಿಯ ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದು ತಪ್ಪಾದರೆ ಒರಸಿ ಅಲ್ಲಿಯೇ ಮತ್ತೆ ಬರೆಯಬಹುದಾಗಿತ್ತು. ಲೆಕ್ಕಪತ್ರಕ್ಕೆ ಅದು ಬಹಳ ಅನುಕೂಲ. ಓಲೆಯಾದರೋ ಹಾಗಲ್ಲ. ಕಂಠದ ಮೊನೆಯಿಂದ ಕೊರೆದ ಅಕ್ಷರವನ್ನು ಒರಸಲಾಗದು. ಗರಿಯೇ ಕೆಟ್ಟರೆ ಹೊಸ ಗರಿಯಲ್ಲಿ ಬರೆದು, ಕಟ್ಟಿನ ದಾರ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಪೋಣಿಸಬೇಕು. ಕಡತದ ರೀತಿ ಒಂದು, ಓಲೆಯ ರೀತಿ ಮತ್ತೊಂದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಕಡತವ್ಯವಸ್ಥೆಗಳ ಮುಖ್ಯ ಭೇದವು ಅರ್ಧ ತಿಳಿದಂತೆಯೇ ಸರಿ.

ಹಾರ್ಡ್ ಡಿಸ್ಕೆಂಬುದು ಒಂದು ದೊಡ್ಡ ಬಯಲು. ಅದರಲ್ಲಿ ಸೊನ್ನೆ, ಒಂದು ಎಂಬ ಎರಡೇ ಗುರುತುಗಳು ಅಸಂಖ್ಯಾತವಾಗಿ ಹರಡಿಕೊಂಡಿರುವುವು. ಇದು ವಚನ, ಇದು ಲೆಕ್ಕ, ಇದು ಗರಿಯ ಚಿತ್ರವೆಂಬ ವಿವೇಕವು ಡಿಸ್ಕಿಗೆ ಇಲ್ಲ. ಯಾವ ಹೆಸರಿನ ವಸ್ತು ಎಲ್ಲಿ ಆರಂಭವಾಗಿ ಎಷ್ಟು ತುಂಡುಗಳಾಗಿ ಎಲ್ಲೆಲ್ಲಿ ಇದೆ, ಯಾವ ಸ್ಥಳ ಖಾಲಿ ಇದೆ, ಯಾರಿಗೆ ತೆರೆಯುವ ಅಧಿಕಾರವಿದೆ ಎಂಬುದನ್ನೆಲ್ಲಾ ಪಟ್ಟಿಯಿಟ್ಟು ನೋಡಿಕೊಳ್ಳುವ ಭಂಡಾರಿಯೇ ಕಡತವ್ಯವಸ್ಥೆ. ಭಂಡಾರಿಯು ಕೆಟ್ಟರೆ ವಸ್ತುಗಳು ಭಂಡಾರದಲ್ಲಿಯೇ ಇದ್ದರೂ ಇಲ್ಲದಂತೆಯೇ.

ಇಂಥ ಭಂಡಾರಿಯಲ್ಲಿ ನಾವು ಬಯಸತಕ್ಕ ಗುಣವಾವುದು? ವ್ಯಾಪಾರಸ್ಥರಿಗೆ ವೇಗ ಬೇಕು. ಲಕ್ಷಾಂತರ ಜನರು ಏಕಕಾಲದಲ್ಲಿ ಕೇಳಿದರೂ ಒಡನೆಯೇ ಕೊಡಬೇಕು. ಶ್ರೀಮಠದ ಭಂಡಾರಕ್ಕೆ ಆ ಅವಸರವಿಲ್ಲ. ಇಂದು ಒಪ್ಪಿಸಿದ ವಸ್ತುವನ್ನು ಮೂವತ್ತು ವರ್ಷಗಳ ಮೇಲೆ ಕೇಳಿದಾಗ ಒಂದು ಕೊಂಬು ದೀರ್ಘಗಳೂ ವ್ಯತ್ಯಾಸವಾಗದಂತೆ ಹಿಂದಕ್ಕೆ ಕೊಡಬೇಕು. ಹಾಗೆ ಕೊಡಲು ಆಗದೆಹೋದರೆ, ‘ಆಗಲಿಲ್ಲ, ಇದು ಕೆಟ್ಟಿದೆ’ ಎಂದು ಒಪ್ಪಿಕೊಳ್ಳಬೇಕು. ಈ ಎರಡನೆಯ ಗುಣವೇ ಹೆಚ್ಚಿನದೆಂದು ನನ್ನ ಮತ. ಕಳೆದುಹೋದ ಗರಿಯು ಒಂದು ನಷ್ಟ. ಸುಳ್ಳಾದ ಗರಿಯು ನಿಜದ ಸ್ಥಾನದಲ್ಲಿ ಕುಳಿತು ಮುಂದಿನವರನ್ನೆಲ್ಲಾ ದಾರಿತಪ್ಪಿಸುವುದು.

ಇದು ಅತಿಶಯೋಕ್ತಿಯೆಂದು ತೋರಬಾರದೆಂದು ಒಂದು ಉದಾಹರಣೆಯನ್ನು ಕೊಡುವೆನು. ಗಣಕಯಂತ್ರದಲ್ಲಿ ಕನ್ನಡವನ್ನು ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಬರೆಯುವರು. ರೂಢಿಯಲ್ಲಿರುವ ಯುಟಿಎಫ್-೮ ಎಂಬ ಬರಹದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು. ಒಂದೊಂದು ಬೈಟಿಗೂ ಎಂಟು ಬಿಟ್‌ಗಳು, ಅಂದರೆ ಸೊನ್ನೆ ಒಂದುಗಳ ಎಂಟು ಗುರುತುಗಳು. ‘ಕ’ಕಾರಕ್ಕೂ ‘ಗ’ಕಾರಕ್ಕೂ ಮೊದಲಿನ ಎರಡು ಬೈಟುಗಳು ಒಂದೇ. ಮೂರನೆಯ ಬೈಟು ‘ಕ’ಕಾರಕ್ಕೆ ೧೦೦೧೦೧೦೧, ‘ಗ’ಕಾರಕ್ಕೆ ೧೦೦೧೦೧೧೧. ಎರಡಕ್ಕೂ ಇರುವ ಅಂತರವು ಒಂದೇ ಬಿಟ್! ಒಂದು ಸೊನ್ನೆಯು ಒಂದಾಗಿಬಿಟ್ಟರೆ ‘ಕಾಯಕ’ವು ‘ಗಾಯಕ’ವಾಗುವುದು, ‘ಕಾಯ’ವು ‘ಗಾಯ’ವಾಗುವುದು, ‘ಕಲ್ಲು’ ‘ಗಲ್ಲು’ ಆಗುವುದು. ಎಲ್ಲವೂ ಅರ್ಥವುಳ್ಳ ಮಾತುಗಳೇ ಆದುದರಿಂದ ಓದುವವನಿಗೆ ಶಂಕೆಯೇ ಹುಟ್ಟದು. ‘ಬ’ಕಾರಕ್ಕೂ ‘ಮ’ಕಾರಕ್ಕೂ ಒಂದೇ ಬಿಟ್ಟಿನ ಅಂತರ, ‘ಮ’ಕಾರಕ್ಕೂ ‘ಯ’ಕಾರಕ್ಕೂ ಅಷ್ಟೇ. ಅಲ್ಲಮಪ್ರಭುಗಳ ಅಂಕಿತವು ಗುಹೇಶ್ವರನೋ ಗೊಹೇಶ್ವರನೋ ಎಂದು ಪ್ರತಿಗಳ ಪಾಠಭೇದದಿಂದ ವಿದ್ವಾಂಸರು ಇಂದಿಗೂ ಚರ್ಚಿಸುತ್ತಿರುವರು. ಲಿಪಿಕಾರನ ಕೈತಪ್ಪುಗಳಿಂದ ಹುಟ್ಟಿದ ಇಂಥ ತೊಡಕುಗಳೇ ಸಾಕಷ್ಟಿರುವಾಗ, ಯಂತ್ರದ ಕೈತಪ್ಪುಗಳನ್ನೂ ಅದಕ್ಕೆ ಕೂಡಿಸುವುದು ಬೇಡ. ಇನ್ನು ಛಾಯಾಚಿತ್ರದ ಸಂಗತಿ: ಜೆಪೆಗ್ ಎಂಬ ಅಡಕಗೊಳಿಸಿದ ಚಿತ್ರದಲ್ಲಿ ಒಂದು ಬಿಟ್ ಕೆಟ್ಟರೆ ಕೆಲವು ವೇಳೆ ಅಲ್ಲಿಂದ ಮುಂದಿನ ಗರಿಯೆಲ್ಲಾ ಕಲಸಿಹೋಗುವುದುಂಟು, ಅಡಕಗೊಳಿಸದ ಟಿಫ್ ಚಿತ್ರದಲ್ಲಾದರೆ ಬಹುಮಟ್ಟಿಗೆ ಒಂದು ಚುಕ್ಕೆ ಮಾತ್ರ ಬಣ್ಣಗೆಡುವುದು.

ಡಿಸ್ಕುಗಳಲ್ಲಿಯೇ ತಪ್ಪನ್ನು ತಿದ್ದಿಕೊಳ್ಳುವ ಏರ್ಪಾಟಿದೆ, ಸರಿಪಡಿಸಲಾಗದಾಗ ಅವು ಸಾಮಾನ್ಯವಾಗಿ ಹೇಳಿಯೂಬಿಡುವುವು. ಆದರೆ ತಂತಿಯಲ್ಲಿ, ನಿಯಂತ್ರಕದಲ್ಲಿ, ಸ್ಮರಣಕೋಶದಲ್ಲಿ, ಡಿಸ್ಕಿನ ಒಳಗಿನ ತಂತ್ರಾಂಶದಲ್ಲಿ ದೋಷವುಂಟಾದರೆ ಆ ಏರ್ಪಾಟಿಗೆ ಗೊತ್ತಾಗದೆಯೇ ತಪ್ಪು ಒಳನುಗ್ಗುವುದು. ಅಮೆರಿಕೆಯಲ್ಲಿ ೧೫ ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕುಗಳನ್ನು ೪೧ ತಿಂಗಳ ಕಾಲ ಪರಿಶೀಲಿಸಿ ೨೦೦೮ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ, ಇಟ್ಟುದಕ್ಕೂ ಬಂದುದಕ್ಕೂ ತಾಳೆಯಾಗದ ಪ್ರಸಂಗಗಳು ನಾಲ್ಕು ಲಕ್ಷಕ್ಕಿಂತ ಹೆಚ್ಚು ಕಂಡುಬಂದುವು. ಕೆಟ್ಟ ಡಿಸ್ಕುಗಳು ಒಟ್ಟಿನಲ್ಲಿ ಅಲ್ಪಭಾಗವೇ ಹೌದು. ಆದರೆ ನಮ್ಮ ಪಾಲಿಗೆ ಬರುವ ಡಿಸ್ಕು ಯಾವ ಭಾಗದ್ದೆಂದು ಅಂಗಡಿಯಲ್ಲಿ ತಿಳಿಯುವುದಿಲ್ಲವಷ್ಟೆ.

ಹಿಂದಿನವರು ಈ ಭಯವನ್ನು ಅರಿಯದವರಲ್ಲ. ನಮ್ಮ ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕುಬ್ಜನೆಂಬ ಕವಿಯು ಐದನೆಯ ಶತಮಾನದಲ್ಲಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿರುವನು. ಕವಿಗೂ ಕಲ್ಲಿಗೂ ನಡುವೆ ಲಿಪಿಕಾರನೇ ಇಲ್ಲ! ಎಲ್ಲ ಕವಿಗಳಿಗೂ ಅಂಥ ಸೌಭಾಗ್ಯವಿಲ್ಲದುದರಿಂದ ಓಲೆಯ ಕಾಲದವರು ಎಣಿಕೆಯನ್ನು ನೆಚ್ಚಿದರು. ಬಳ್ಳಿಗಾವೆಯ ಅಲ್ಲಮಪ್ರಭುಗಳನ್ನು ಕುರಿತ ಚಾಮರಸನ ಪ್ರಭುಲಿಂಗಲೀಲೆಗೆ ಗತಿಗಳು ೨೫, ಪದ್ಯಗಳು ೧೧೧೧. ಪ್ರತಿ ಮಾಡಿದವನು ಸಂಧಿಯ ಕೊನೆಯಲ್ಲಿಯೂ ಗ್ರಂಥದ ಕೊನೆಯಲ್ಲಿಯೂ ಪದ್ಯಗಳನ್ನು ಎಣಿಸಿ ಮೊತ್ತವನ್ನು ಬರೆದಿಟ್ಟರೆ, ಮುಂದಿನವನು ತಾಳೆ ನೋಡಿ ಒಂದು ಪದ್ಯ ಜಾರಿದ್ದರೂ ಕಂಡುಹಿಡಿಯುತ್ತಿದ್ದನು. ಈ ಉಪಾಯಕ್ಕೆ ಒಂದೇ ಕೊರತೆ: ಪದ್ಯ ಬಿಟ್ಟುಹೋದುದು ತಿಳಿಯುವುದೇ ಹೊರತು ಪದ್ಯದೊಳಗೆ ಅಕ್ಷರ ತಪ್ಪಿದುದು ತಿಳಿಯದು.

ಇಂದಿನ ಗಣಿತಜ್ಞರು ಆ ಕೊರತೆಯನ್ನು ನೀಗಿಸಿರುವರು. ಕಡತದ ಒಂದೊಂದು ತುಂಡಿನಲ್ಲಿರುವ ಎಲ್ಲ ಬಿಟ್‌ಗಳನ್ನೂ ಒಂದು ಲೆಕ್ಕಕ್ಕೆ ಒಳಪಡಿಸಿ ಒಂದು ಚಿಕ್ಕ ಸಂಖ್ಯೆಯನ್ನು ಪಡೆಯುವರು. ಅದಕ್ಕೆ ಚೆಕ್‌ಸಮ್ ಎಂದು ಹೆಸರು. ನಾವು ತಾಳೆಸಂಖ್ಯೆ ಎಂದು ಕರೆಯೋಣ. ಒಂದೇ ಬಿಟ್ ಬದಲಾದರೂ ಆ ಸಂಖ್ಯೆಯು ಬದಲಾಗುವುದು. ಓದುವಾಗಲೆಲ್ಲಾ ಮತ್ತೆ ಲೆಕ್ಕಮಾಡಿ ಹಳೆಯ ಸಂಖ್ಯೆಯೊಡನೆ ಹೋಲಿಸಿದರೆ ‘ಕಾಯಕ’ವು ‘ಗಾಯಕ’ವಾದುದು ತತ್‌ಕ್ಷಣವೇ ಹೊರಬೀಳುವುದು. ಆದುದರಿಂದ ಯಾವ ಕಡತವ್ಯವಸ್ಥೆಯನ್ನು ಪರೀಕ್ಷಿಸುವಾಗಲೂ ನಾವು ಕೇಳತಕ್ಕ ಮೊದಲನೆಯ ಪ್ರಶ್ನೆ ಇದು: ನೀನು ಪಟ್ಟಿಗೆ ಮಾತ್ರ ತಾಳೆಸಂಖ್ಯೆ ಇಡುವೆಯೋ, ವಸ್ತುವಿಗೂ ಇಡುವೆಯೋ?

ಲಿನಕ್ಸನ್ನು ೧೯೯೧ರಲ್ಲಿ ಹೆಲ್ಸಿಂಕಿ ಪಟ್ಟಣದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದರು. ಕನ್ನಡಕ್ಕೆ ಸ್ಥಾನಕೊಟ್ಟ ಯೂನಿಕೋಡಿನ ಮೊದಲ ಸಂಪುಟ ಹೊರಬಂದುದೂ ಅದೇ ವರ್ಷ. ಮರುವರ್ಷ ಲಿನಕ್ಸಿಗೆ ಜಿಪಿಎಲ್ ಎಂಬ ಪರವಾನಗಿಯನ್ನು ಕೊಡಲಾಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಆದರೆ ತಿದ್ದಿದುದನ್ನು ಇತರರಿಗೆ ಹಂಚುವುದಾದರೆ ಅದರ ಮೂಲವನ್ನೂ ಅದೇ ನಿಯಮದಿಂದ ತೆರೆದಿಡಬೇಕು. ದಾಸೋಹವನ್ನು ಬಲ್ಲ ಈ ಸಭೆಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊದಲಲ್ಲಿ ಲಿನಕ್ಸು ಮಿನಿಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಭಂಡಾರಿಯನ್ನು ಎರವಲು ಪಡೆದಿತ್ತು. ಅದರಲ್ಲಿ ಕಡತದ ಹೆಸರಿಗೆ ೧೪ ಬೈಟುಗಳ ಮಿತಿ. ಇಂದಿನ ಲೆಕ್ಕದಲ್ಲಿ ‘ಬಸವ’ ಎಂಬ ಹೆಸರಿಗೆ ೯ ಬೈಟುಗಳಾದುದರಿಂದ ಹಿಡಿಸುತ್ತಿತ್ತು. ‘ಅಲ್ಲಮ’ನಿಗೆ ೧೫ ಬೇಕಾದುದರಿಂದ ಪ್ರಭುಗಳು ಹೊರಗೇ ನಿಲ್ಲಬೇಕಾಗುತ್ತಿತ್ತು!

ಆ ಇಕ್ಕಟ್ಟನ್ನು ಕಳೆಯಲು ೧೯೯೨ರಲ್ಲಿ ಎಕ್ಸ್ಟ್ ಎಂಬ ಹೊಸ ವ್ಯವಸ್ಥೆಯು ಹುಟ್ಟಿತು. ಅದರ ಸಂತತಿಯಾಗಿ ೧೯೯೩ರಲ್ಲಿ ಎಕ್ಸ್ಟ್-೨, ೨೦೦೧ರಲ್ಲಿ ಎಕ್ಸ್ಟ್-೩, ೨೦೦೮ರಲ್ಲಿ ಎಕ್ಸ್ಟ್-೪ ಬಂದುವು. ಇದು ನಾನು ಹೇಳಿದ ಕಡತದ ರೀತಿಯದು. ಬದಲಾವಣೆಯನ್ನು ಇದ್ದ ಸ್ಥಳದಲ್ಲಿಯೇ ಒರಸಿ ಬರೆಯುವುದು. ಬರೆಯುತ್ತಿರುವಾಗಲೇ ದೀಪ ಆರಿದರೆ ಏನು ಗತಿ? ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುವುದೇನು ಅಪೂರ್ವವೇ? ಅದಕ್ಕೆ ಅವರು ಕಂಡುಕೊಂಡ ಉಪಾಯವು ಅಂಗಡಿಯ ಕಿರ್ದಿಯದೇ. ವರ್ತಕನು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಖಾತೆವಹಿಗೆ ಏರಿಸುವನು. ಖಾತೆ ಅರ್ಧಕ್ಕೆ ನಿಂತರೂ ಕಿರ್ದಿಯನ್ನು ನೋಡಿ ಪೂರ್ತಿಮಾಡಬಹುದು. ಎಕ್ಸ್ಟ್-೩ರಿಂದೀಚೆಗೆ ಈ ಕಿರ್ದಿಯನ್ನು ಜರ್ನಲ್ ಎಂಬ ಹೆಸರಿನಿಂದ ಇಟ್ಟಿರುವರು. ಆದರೆ ರೂಢಿಯ ಏರ್ಪಾಟಿನಲ್ಲಿ ಕಿರ್ದಿಗೆ ಏರುವುದು ಪಟ್ಟಿಯ ಬದಲಾವಣೆ ಮಾತ್ರ, ವಸ್ತುವಲ್ಲ. ತಾಳೆಸಂಖ್ಯೆಯ ವಿಷಯವೂ ಹಾಗೆಯೇ. ಪಟ್ಟಿಗೂ ಕಿರ್ದಿಗೂ ಉಂಟು, ಗರಿಯ ಚಿತ್ರಕ್ಕೆ ಇಲ್ಲ. ಚಿತ್ರದಲ್ಲಿ ಒಂದು ಬಿಟ್ ತಿರುಗಿದ್ದರೆ ಎಕ್ಸ್ಟ್-೪ ಅದನ್ನು ನಿಸ್ಸಂಕೋಚವಾಗಿ ನಮ್ಮ ಕೈಗೆ ಕೊಡುವುದು.

ಇಷ್ಟು ಹೇಳಿದ ಮಾತ್ರಕ್ಕೆ ಎಕ್ಸ್ಟ್-೪ನ್ನು ಹಳಿದೆನೆಂದು ತಿಳಿಯಬಾರದು. ಇದರಷ್ಟು ಜನರ ಕೈಯಲ್ಲಿ ಪಳಗಿದ ವ್ಯವಸ್ಥೆ ಲಿನಕ್ಸಿನಲ್ಲಿ ಇನ್ನೊಂದಿಲ್ಲ. ಕೆಟ್ಟರೆ ಸರಿಪಡಿಸಬಲ್ಲವರು ಶಿವಮೊಗ್ಗೆಯಲ್ಲಿಯೂ ಸಿಕ್ಕುವರು. ಕಾಲವನ್ನು ಗುರುತಿಸುವ ಹಳೆಯ ಪದ್ಧತಿಯು ೨೦೩೮ನೆಯ ಇಸವಿಗೆ ಮುಗಿದುಹೋಗುವುದೆಂಬುದನ್ನು ತಾವು ಕೇಳಿರಬಹುದು. ಎಕ್ಸ್ಟ್-೪ರ ಈಗಿನ ರೂಪವು ೨೪೪೬ರವರೆಗೆ ತೇದಿ ಬರೆಯಬಲ್ಲದು. ಆ ಇಸವಿಯ ಮಹೋತ್ಸವಕ್ಕೆ ಯಾವ ಯಂತ್ರವಿರುವುದೋ ಶಿವನೇ ಬಲ್ಲ.

ಎಕ್ಸ್‌ಎಫ್‌ಎಸ್ ಎಂಬುದು ಸಿಲಿಕಾನ್ ಗ್ರಾಫಿಕ್ಸ್ ಎಂಬ ಸಂಸ್ಥೆಯವರು ೧೯೯೩ರಲ್ಲಿ ತಮ್ಮ ಯಂತ್ರಗಳಿಗಾಗಿ ಕಟ್ಟತೊಡಗಿದುದು. ಬಳಿಕ ಮುಕ್ತವಾಗಿ ಲಿನಕ್ಸಿಗೆ ಬಂದಿತು. ೨೦೧೪ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯವರು ತಮ್ಮ ಏಳನೆಯ ಆವೃತ್ತಿಗೆ ಅದನ್ನೇ ಮೊದಲ ಆಯ್ಕೆಯಾಗಿ ಮಾಡಿಕೊಂಡರು. ಅತಿ ದೊಡ್ಡ ಕಡತಗಳಿಗೆ ಪ್ರಶಸ್ತವಾದುದು. ಆದರೆ ವಸ್ತುವಿಗೆ ತಾಳೆಸಂಖ್ಯೆಯನ್ನು ಇದೂ ಇಡದು. ನಮಗೆ ಇದರಿಂದ ವಿಶೇಷ ಲಾಭವಿಲ್ಲ.

ಇನ್ನು ಓಲೆಯ ರೀತಿಯವು ಎರಡು: ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್. ಇವು ಇದ್ದುದರ ಮೇಲೆ ಬರೆಯುವುದೇ ಇಲ್ಲ. ಬದಲಾವಣೆಯನ್ನು ಹೊಸ ಸ್ಥಳದಲ್ಲಿ ಬರೆದು, ಬರಹವು ಪೂರ್ತಿಯಾದ ಮೇಲೆ ಸೂಚಿಯನ್ನು ಹಳೆಯ ಗರಿಯಿಂದ ಹೊಸ ಗರಿಗೆ ತಿರುಗಿಸುವುವು. ನಡುವೆ ವಿದ್ಯುತ್ತು ನಿಂತರೆ ಹಳೆಯ ಗರಿಯು ಹಾಗೆಯೇ ಇರುವುದು. ಅರ್ಧ ಹಳೆಯದು ಅರ್ಧ ಹೊಸದೆಂಬ ಅವಸ್ಥೆಯಿಲ್ಲ. ಪ್ರತಿಯೊಂದು ತುಂಡಿಗೂ ತಾಳೆಸಂಖ್ಯೆಯುಂಟು. ಅದನ್ನು ಆ ತುಂಡಿನೊಳಗೇ ಇಡದೆ ಬೇರೆ ಎಡೆಯಲ್ಲಿ ಇಡುವುದರಿಂದ ಕಳ್ಳನೇ ಸಾಕ್ಷಿ ಹೇಳುವ ಪ್ರಸಂಗ ಬಾರದು. ಎರಡು ಡಿಸ್ಕುಗಳನ್ನು ಜೋಡಿಯಾಗಿ ಕಟ್ಟಿ ಎರಡರಲ್ಲಿಯೂ ಒಂದೇ ವಸ್ತುವನ್ನು ಇಡುವ ಪದ್ಧತಿಗೆ ರೇಡ್-೧ ಎಂದು ಹೆಸರು. ಬೇರೆ ವ್ಯವಸ್ಥೆಗಳಲ್ಲಿಯೂ ಜೋಡಿ ಕಟ್ಟಬಹುದು. ಆದರೆ ಎರಡು ಪ್ರತಿಗಳು ಭಿನ್ನವಾದರೆ ಯಾವುದು ನಿಜವೆಂದು ಅವುಗಳಿಗೆ ತಿಳಿಯದು. ಇಲ್ಲಾದರೆ ತಾಳೆಸಂಖ್ಯೆಯೇ ತೀರ್ಪುಗಾರ. ತಾಳೆಯಾದ ಪ್ರತಿಯಿಂದ ತಾಳೆಯಾಗದ ಪ್ರತಿಯನ್ನು ತಾನಾಗಿಯೇ ತಿದ್ದಿಬಿಡುವುದು. ಒಂದೇ ಡಿಸ್ಕಿದ್ದರೆ ತಪ್ಪನ್ನು ತೋರಿಸುವುದೇ ಹೊರತು ತಿದ್ದಲಾರದೆಂಬುದನ್ನೂ ಮರೆಯಬಾರದು.

ಇವೆರಡರೊಳಗೆ ಯಾವುದು? ಇಲ್ಲಿ ವಿಚಾರವು ತಂತ್ರದಿಂದ ನಿಯಮಕ್ಕೂ ಪರಂಪರೆಗೂ ತಿರುಗುವುದು. ಝಡ್‌ಎಫ್‌ಎಸ್ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿ ೨೦೦೫ರಲ್ಲಿ ಮುಕ್ತವಾಯಿತು. ೨೦೧೦ರಲ್ಲಿ ಆ ಸಂಸ್ಥೆಯನ್ನು ಒರಾಕಲ್ ಕೊಂಡುಕೊಂಡು ಮುಂದಿನ ಮೂಲವನ್ನು ಮುಚ್ಚಿತು. ಆದರೂ ಆಗಲೇ ಹಂಚಿಹೋಗಿದ್ದ ಮೂಲವನ್ನು ಹಿಡಿದು ೨೦೧೩ರಲ್ಲಿ ಅದರ ಅಭಿಮಾನಿಗಳು ಓಪನ್ ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಕೂಡಿ ಕೆಲಸವನ್ನು ಮುಂದುವರಿಸಿರುವರು. ಕೊಟ್ಟ ಪ್ರಸಾದವನ್ನು ಹಿಂದಕ್ಕೆ ಪಡೆಯಲಾಗದಷ್ಟೆ. ಅದರ ಪರವಾನಗಿಯೂ ಲಿನಕ್ಸಿನ ಪರವಾನಗಿಯೂ ಎರಡೂ ಮುಕ್ತವೇ. ಆದರೆ ಒಂದರ ಅನ್ನವನ್ನು ಇನ್ನೊಂದರ ಹಂಡೆಗೆ ಸುರಿಯಲು ನಿಯಮಗಳು ಒಪ್ಪುವುದಿಲ್ಲವೆಂದು ಬಹುಮಂದಿ ಅಭಿಪ್ರಾಯಪಡುವರು. ಆದುದರಿಂದ ಅದು ಲಿನಕ್ಸಿನ ಮೂಲದೊಳಗೆ ಸೇರದೆ ಹೊರಗಿನಿಂದಲೇ ಜೋಡಿಸಲ್ಪಡುತ್ತಿದೆ. ಫ್ರೀಬಿಎಸ್‌ಡಿ ಎಂಬ ಮತ್ತೊಂದು ಮುಕ್ತವ್ಯವಸ್ಥೆಯಲ್ಲಿ ಅದು ೨೦೦೮ರಿಂದ ಮನೆಯೊಳಗೇ ಇದೆ.

ಬಿಟಿಆರ್‌ಎಫ್‌ಎಸ್ ೨೦೦೭ರಲ್ಲಿ ಆರಂಭವಾಗಿ ೨೦೦೯ರಲ್ಲಿ ಲಿನಕ್ಸಿನ ಮೂಲದೊಳಗೇ ಸೇರಿತು. ಮೊದಲ ವರ್ಷಗಳಲ್ಲಿ ಅದಕ್ಕೆ ಒಳ್ಳೆಯ ಹೆಸರಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. ರೆಡ್ ಹ್ಯಾಟ್ ಸಂಸ್ಥೆಯವರು ೨೦೧೭ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿ ೨೦೧೯ರ ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಸೂಸೆ ಸಂಸ್ಥೆಯವರಾದರೋ ೨೦೧೪ರಿಂದ ಅದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಂಡರು. ೨೦೨೦ರಲ್ಲಿ ಫೆಡೋರಾ ಬಳಗದವರೂ ಹಾಗೆಯೇ ಮಾಡಿದರು. ರೇಡ್-೫, ರೇಡ್-೬ ಎಂಬ ಜೋಡಣೆಗಳನ್ನು ಅದರಲ್ಲಿ ಬಳಸಬಾರದೆಂದು ಅದನ್ನು ಮಾಡಿದವರೇ ಎಚ್ಚರಿಸಿರುವರು. ಎರಡು ಡಿಸ್ಕುಗಳ ಸಾದಾ ಜೋಡಿಗೆ ಆ ಭಯವಿಲ್ಲ.

ಪರಂಪರೆಯ ಮಾತನ್ನು ಆಡಲು ಕಾರಣವಿದೆ. ಒಂದು ಪೀಠಕ್ಕೆ ಉತ್ತರಾಧಿಕಾರಿಯ ಚಿಂತೆ ಎಷ್ಟೆಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ತಂತ್ರಾಂಶಕ್ಕೂ ಆ ಚಿಂತೆ ತಪ್ಪದು. ರೈಸರ್‌ಎಫ್‌ಎಸ್ ಎಂಬ ವ್ಯವಸ್ಥೆಯು ೨೦೦೧ರಲ್ಲಿ ಲಿನಕ್ಸಿಗೆ ಸೇರಿ ಬಹಳ ಕೀರ್ತಿ ಪಡೆದಿತ್ತು. ನೋಡಿಕೊಳ್ಳುವವರು ಕ್ರಮೇಣ ಇಲ್ಲದಾಗಿ ೨೦೨೫ರಲ್ಲಿ ಅದನ್ನು ಮೂಲದಿಂದ ತೆಗೆದುಹಾಕಿದರು. ಬಿಕ್ಯಾಶೆಎಫ್‌ಎಸ್ ಎಂಬ ಇನ್ನೊಂದು ೨೦೨೪ರಲ್ಲಿ ಒಳಗೆ ಬಂದು, ಕರ್ತೃವಿಗೂ ಉಳಿದವರಿಗೂ ಕೆಲಸದ ಕ್ರಮದ ವಿಷಯದಲ್ಲಿ ಹೊಂದಿಕೆಯಾಗದೆ, ೨೦೨೫ರಲ್ಲಿಯೇ ಹೊರಬಿದ್ದಿತು. ಗುಣವಿದ್ದರೆ ಸಾಲದು, ಒಬ್ಬರ ಮೇಲೆಯೇ ನಿಲ್ಲದ ಬಳಗವೂ ಬೇಕು. ಎಕ್ಸ್ಟ್-೪, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಮೂರಕ್ಕೂ ಅಂಥ ಬಳಗವಿದೆ.

ಕನ್ನಡದವರಾದ ನಮಗೆ ಬರುವ ಎರಡು ತೊಡಕುಗಳನ್ನು ಇಲ್ಲಿಯೇ ಹೇಳಿಬಿಡುವೆನು. ಇವುಗಳನ್ನು ಪರದೇಶದ ಪುಸ್ತಕಗಳು ಎತ್ತಿ ಹೇಳುವುದಿಲ್ಲ. ಎಕ್ಸ್ಟ್-೪, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರರಲ್ಲಿಯೂ ಕಡತದ ಹೆಸರಿಗೆ ೨೫೫ ಬೈಟುಗಳ ಮಿತಿ. ಇಂಗ್ಲಿಷಿನವನಿಗೆ ಅದು ೨೫೫ ಅಕ್ಷರ. ಕನ್ನಡದ ಸಂಕೇತಕ್ಕೆ ಮೂರು ಬೈಟುಗಳಾದುದರಿಂದ ನಮಗೆ ೮೫ ಸಂಕೇತಗಳು ಮಾತ್ರ. ಒತ್ತಕ್ಷರ, ಕಾಗುಣಿತಗಳಿಗೆ ಪ್ರತ್ಯೇಕ ಸಂಕೇತಗಳು ತಗಲುವುದರಿಂದ ಕಣ್ಣಿಗೆ ಕಾಣುವ ಅಕ್ಷರಗಳು ಅದರ ಅರ್ಧಕ್ಕೆ ಇಳಿದರೂ ಇಳಿಯಬಹುದು. ವಿಂಡೋಸ್ ಯಂತ್ರಗಳಲ್ಲಿ ೨೫೫ ಸಂಕೇತಗಳಿಗೂ ಅವಕಾಶವಿರುವುದರಿಂದ, ಅಲ್ಲಿ ಯಾರಾದರೂ ಭಕ್ತರು ‘ಉಡುತಡಿಯ ಅಕ್ಕಮಹಾದೇವಿಯವರ ವಚನಗಳು’ ಎಂದು ಮೊದಲುಮಾಡಿ ಊರು, ಮನೆತನ, ಕಟ್ಟು, ಗರಿಗಳನ್ನೆಲ್ಲಾ ಹೆಸರಿನಲ್ಲಿಯೇ ತುಂಬಿ ತಂದುಕೊಟ್ಟರೆ, ನಮ್ಮ ಭಂಡಾರಿಯು ಅದನ್ನು ತೆಗೆದುಕೊಳ್ಳದೆ ಹಿಂದಿರುಗಿಸುವನು. ಆದುದರಿಂದ ಕಡತದ ಹೆಸರು ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಮ್ಮೈ ಹಿಮ್ಮೈ ಎಂಬಿಷ್ಟರಿಂದಲೇ ಆಗಿರಲಿ. ವಿವರವೆಲ್ಲಾ ಬೇರೆ ಪಟ್ಟಿಯಲ್ಲಿರಲಿ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಕೊ’ ಎಂಬ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಸಂಕೇತಗಳಿಂದಲೂ ಬರೆಯಬಹುದು. ಕೀ, ಕೇ, ಕೈ, ಕೋಗಳಿಗೂ ಹೀಗೆಯೇ. ಕಣ್ಣಿಗೆ ಎರಡೂ ಒಂದೇ. ಲಿನಕ್ಸಿನ ಕಡತವ್ಯವಸ್ಥೆಯು ಸಾಮಾನ್ಯವಾಗಿ ಹೆಸರನ್ನು ಬೈಟುಗಳ ಸಾಲೆಂದೇ ಎಣಿಸುವುದರಿಂದ ‘ಕೋಶ’ ಎಂಬ ಒಂದೇ ಹೆಸರಿನ ಎರಡು ಕಡತಗಳು ಪಕ್ಕಪಕ್ಕದಲ್ಲಿ ಕುಳಿತಿರಬಹುದು, ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ಸಿಕ್ಕದಿರಬಹುದು. ಆಪಲ್ ಸಂಸ್ಥೆಯ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಬಿಡಿಸಿದ ರೂಪದಲ್ಲಿಯೇ ಬರೆಯುತ್ತಿತ್ತಾಗಿ ಅಂಥ ಯಂತ್ರಗಳಿಂದ ಬಂದ ಕಡತಗಳಲ್ಲಿ ಇದು ವಿಶೇಷ. ಝಡ್‌ಎಫ್‌ಎಸ್‌ನಲ್ಲಿ ಇದಕ್ಕೆ ಒಂದು ಪರಿಹಾರವುಂಟು, ಆದರೆ ಅದನ್ನು ಸ್ಥಾಪನೆಯ ಹೊತ್ತಿನಲ್ಲಿಯೇ ಗೊತ್ತುಮಾಡಬೇಕು. ಒಳಬರುವ ಹೆಸರುಗಳನ್ನೆಲ್ಲಾ ಕೂಡಿಸಿದ ರೂಪಕ್ಕೆ ತಂದು ಒಳಗಿಡುವುದೇ ನಮಗೆ ಸುಲಭವಾದ ದಾರಿ.

ಇಷ್ಟೆಲ್ಲಾ ತೊಂದರೆಯೇಕೆ, ದೊಡ್ಡ ಸಂಸ್ಥೆಗಳ ಅಂತರ್ಜಾಲ ಭಂಡಾರಕ್ಕೆ ಒಪ್ಪಿಸಿಬಿಟ್ಟರಾಗದೇ ಎಂದು ಕೆಲವರು ಕೇಳುವರು. ಒಂದು ಹೆಚ್ಚಿನ ಪ್ರತಿಯನ್ನು ಅಲ್ಲಿ ಇಡುವುದಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿರುವ ಭಂಡಾರವನ್ನು ಶ್ರೀಮಠದ ಭಂಡಾರವೆನ್ನುವುದು ಹೇಗೆ?

ನನ್ನ ಅಭಿಪ್ರಾಯವನ್ನು ಈಗ ನೇರವಾಗಿ ಅರಿಕೆಮಾಡುವೆನು. ಗಣಕಯಂತ್ರವನ್ನು ನಡೆಯಿಸುವ ಡಿಸ್ಕಿಗೂ ಕಚೇರಿಯ ನಿತ್ಯದ ಲೆಕ್ಕಪತ್ರಕ್ಕೂ ಎಕ್ಸ್ಟ್-೪ ಸಾಕು. ಓಲೆಗರಿಗಳ ಮೂಲಚಿತ್ರಗಳಿಗೆ ಮಾತ್ರ ಎರಡು ಡಿಸ್ಕುಗಳ ಜೋಡಿಯ ಮೇಲೆ ಬಿಟಿಆರ್‌ಎಫ್‌ಎಸ್ ಇರಲಿ. ಬರಿಯ ಗಟ್ಟಿತನವನ್ನು ನೋಡಿದರೆ ಝಡ್‌ಎಫ್‌ಎಸ್ ಮೇಲೆಂದು ನಾನು ಒಪ್ಪುವೆನು. ಶ್ರೀಮಠದಲ್ಲಿ ಅದನ್ನು ಬಲ್ಲವರೊಬ್ಬರು ಖಾಯಮ್ಮಾಗಿ ಇರುವಂತಿದ್ದರೆ ಅದನ್ನೇ ಸೂಚಿಸುತ್ತಿದ್ದೆನು. ಆದರೆ ಹೊರಗಿನಿಂದ ಜೋಡಿಸಿದ ವ್ಯವಸ್ಥೆಯು ಲಿನಕ್ಸನ್ನು ನವೀಕರಿಸಿದಾಗಲೆಲ್ಲಾ ಅದರೊಡನೆ ಹೆಜ್ಜೆಹಾಕಬೇಕು; ಹೆಜ್ಜೆ ತಪ್ಪಿದ ದಿವಸ ಭಂಡಾರದ ಬಾಗಿಲೇ ತೆರೆಯದು. ಅಂದು ಶಿಕಾರಿಪುರದಲ್ಲಿ ಯಾರನ್ನು ಕರೆಯುವುದು? ಮೂಲದೊಳಗೇ ಇರುವುದಕ್ಕೆ ಆ ಕಷ್ಟವಿಲ್ಲ.

ಎಷ್ಟು ಸ್ಥಳ ಬೇಕಾದೀತೆಂಬುದಕ್ಕೆ ಲೆಕ್ಕ ಹೀಗೆ: ಒಂದು ಕಟ್ಟಿಗೆ ೧೦೦ ಗರಿಗಳೆಂದಿಟ್ಟುಕೊಂಡರೆ ಎರಡು ಮೈಗಳಿಗೆ ೨೦೦ ಚಿತ್ರಗಳು, ಚಿತ್ರವೊಂದಕ್ಕೆ ೫೦ ಮೆಗಾಬೈಟಿನಂತೆ ಕಟ್ಟೊಂದಕ್ಕೆ ೧೦ ಗಿಗಾಬೈಟು. ಕಟ್ಟುಗಳು ೨೦೦ ಇದ್ದರೆ ಎರಡು ಟೆರಾಬೈಟು. ನಾಲ್ಕು ಟೆರಾಬೈಟಿನ ಡಿಸ್ಕುಗಳು ಎರಡಿದ್ದರೆ ಸುತ್ತಮುತ್ತಲ ಮನೆತನಗಳಿಂದ ಬರುವ ಕಟ್ಟುಗಳಿಗೂ ಎಡೆಯಿರುವುದು. ಎರಡನ್ನೂ ಒಂದೇ ದಿವಸ ಒಂದೇ ಅಂಗಡಿಯಲ್ಲಿ ಒಂದೇ ಕಂಪನಿಯದಾಗಿ ಕೊಳ್ಳಬಾರದು. ಅವಳಿಗಳು ಒಟ್ಟಿಗೆ ಕಾಯಿಲೆ ಬೀಳುವುದುಂಟು. ಯಂತ್ರಕ್ಕೆ ಒಂದು ಯುಪಿಎಸ್ ಅವಶ್ಯಕ. ಜೋಡಿಯಲ್ಲಿ ಒಂದು ಡಿಸ್ಕು ಸತ್ತರೆ ಬಿಟಿಆರ್‌ಎಫ್‌ಎಸ್ ಸಾಮಾನ್ಯವಾಗಿ ತಾನಾಗಿ ಬಾಗಿಲು ತೆರೆಯದು, ಡಿಗ್ರೇಡೆಡ್ ಎಂಬ ಅಪ್ಪಣೆಯನ್ನು ಸೇರಿಸಿಯೇ ತೆರೆಯಿಸಬೇಕು. ಎಲ್ಲವೂ ಹೋಯಿತೆಂದು ಗಾಬರಿಯಿಂದ ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಿಬಿಡಬಾರದು. ಈ ಮಾತನ್ನು ಯಂತ್ರದ ಮೇಲೆಯೇ ಒಂದು ಚೀಟಿಯಲ್ಲಿ ಬರೆದು ಅಂಟಿಸತಕ್ಕದ್ದು.

ಜೋಡಿ ಡಿಸ್ಕು ಇದ್ದ ಮಾತ್ರಕ್ಕೆ ಎರಡು ಪ್ರತಿಗಳಾದುವೆಂದು ಭಾವಿಸಬಾರದು. ಒಂದೇ ಕೋಣೆಯಲ್ಲಿರುವ ಎರಡಕ್ಕೂ ಒಂದೇ ಬೆಂಕಿ, ಒಂದೇ ಸಿಡಿಲು. ಕೈತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುವುದು. ರೈಸ್ ಸಾಹೇಬರು ಶಿಕಾರಿಪುರದ ಶಾಸನಗಳನ್ನು ೧೯೦೨ರ ಏಳನೆಯ ಸಂಪುಟದಲ್ಲಿಯೂ ಸೊರಬದವನ್ನು ೧೯೦೪ರ ಎಂಟನೆಯ ಸಂಪುಟದಲ್ಲಿಯೂ ಅಚ್ಚುಹಾಕಿಸಿದ ಮೇಲೆ ಆ ಪಾಠಗಳು ದೇಶದೇಶಗಳ ಗ್ರಂಥಾಲಯಗಳಲ್ಲಿ ನಿಂತುವು. ನಮ್ಮ ಮೂರನೆಯ ಪ್ರತಿಯೂ ಹಾಗೆಯೇ ದೂರದಲ್ಲಿರಬೇಕು. ಶಿಕಾರಿಪುರದ್ದು ಕುಮುದ್ವತಿಯ ದಡ, ಸೊರಬದ್ದು ದಂಡಾವತಿಯ ದಡ. ಒಂದು ಪ್ರತಿಯು ಸೊರಬದ ಭಕ್ತರ ವಶದಲ್ಲಿರಲಿ. ಅದನ್ನು ಬೇಕೆಂದೇ ಎಕ್ಸ್ಟ್-೪ರಲ್ಲಿ ಇಡಬೇಕೆಂದು ನನ್ನ ಸೂಚನೆ. ಒಂದು ವ್ಯವಸ್ಥೆಯ ತಂತ್ರಾಂಶದಲ್ಲಿ ದೋಷವಿದ್ದರೆ ಅದು ಮೂರೂ ಪ್ರತಿಗಳನ್ನು ಕೆಡಿಸಕೂಡದು. ಎಕ್ಸ್ಟ್-೪ ವಸ್ತುವಿಗೆ ತಾಳೆಸಂಖ್ಯೆ ಇಡದಾದುದರಿಂದ ನಾವೇ ಎಲ್ಲ ಕಡತಗಳಿಗೂ ಎಸ್‌ಎಚ್‌ಎ-೨೫೬ ಎಂಬ ಕ್ರಮದಿಂದ ತಾಳೆಸಂಖ್ಯೆಗಳ ಪಟ್ಟಿಯನ್ನು ಮಾಡಿ ಅದೇ ಡಿಸ್ಕಿನಲ್ಲಿಯೂ ಶ್ರೀಮಠದಲ್ಲಿಯೂ ಇಟ್ಟುಕೊಳ್ಳಬೇಕು. ವರ್ಷಕ್ಕೆರಡು ಸಲ, ಬಸವಜಯಂತಿಗೂ ದೀಪಾವಳಿಗೂ, ಆ ಡಿಸ್ಕನ್ನು ಇಲ್ಲಿಗೆ ತಂದು ಹೊಸ ಚಿತ್ರಗಳನ್ನು ಸೇರಿಸಿ, ಹಳೆಯವನ್ನು ಪಟ್ಟಿಯೊಡನೆ ಹೋಲಿಸಿ ಹಿಂದಕ್ಕೆ ಕಳುಹಿಸತಕ್ಕದ್ದು.

ಶ್ರೀಮಠದ ಜೋಡಿ ಡಿಸ್ಕುಗಳಿಗೆ ತಿಂಗಳಿಗೊಮ್ಮೆ ತಾಳೆಪರೀಕ್ಷೆ ನಡೆಯಬೇಕು. ಸ್ಕ್ರಬ್ ಎಂಬ ಅಪ್ಪಣೆಯನ್ನು ಕೊಟ್ಟರೆ ಕಡತವ್ಯವಸ್ಥೆಯು ತಾನಾಗಿಯೇ ಎಲ್ಲ ಗರಿಗಳನ್ನೂ ಓದಿ, ತಪ್ಪಿದುದನ್ನು ತಿದ್ದಿ, ಕೊನೆಯಲ್ಲಿ ತಪ್ಪುಗಳ ಎಣಿಕೆಯನ್ನು ಹೇಳುವುದು. ಎರಡು ಟೆರಾಬೈಟಿಗೆ ಕೆಲವು ಗಂಟೆಗಳು ಹಿಡಿಯಬಹುದು. ಅಮಾವಾಸ್ಯೆಯ ದಿವಸ ಎಂತೂ ಭಕ್ತರು ಸೇರುವರಾದುದರಿಂದ ಆ ದಿನದ ಬೆಳಗಿನ ಪೂಜೆಗೆ ಮುಂಚೆ ಅಪ್ಪಣೆ ಕೊಟ್ಟರೆ ಸಂಜೆಯೊಳಗಾಗಿ ಫಲ ತಿಳಿಯುವುದು. ಎಣಿಕೆಯು ಸೊನ್ನೆಯಾದರೆ ಸೊನ್ನೆಯೆಂದೇ ಬರೆಯಬೇಕು. ಬರೆಯದೆ ಬಿಟ್ಟ ತಿಂಗಳು ನೋಡದೆ ಬಿಟ್ಟ ತಿಂಗಳೇ ಆಗಿರುವುದು ಹೆಚ್ಚು. ಎರಡು ತಿಂಗಳು ಒಂದೇ ಡಿಸ್ಕಿನಲ್ಲಿ ತಪ್ಪು ಕಂಡುಬಂದರೆ ಮೂರನೆಯ ಅಮಾವಾಸ್ಯೆಯನ್ನು ಕಾಯದೆ ಅದನ್ನು ಬದಲಿಸತಕ್ಕದ್ದು. ತೇದಿ, ಡಿಸ್ಕಿನ ಸಂಖ್ಯೆ, ಕಂಡ ತಪ್ಪು, ತಿದ್ದಿದ ತಪ್ಪು, ನೋಡಿದವರ ರುಜು ಎಂಬ ಐದು ಅಂಕಣಗಳನ್ನು ಎಳೆದ ಒಂದು ಕಿರ್ದಿ ಪುಸ್ತಕವನ್ನು ಈ ಹೊತ್ತು ಭಂಡಾರದ ಸೇವೆಯವರ ಕೈಗೆ ಒಪ್ಪಿಸಿರುವೆನು. ಮೊದಲನೆಯ ಸಾಲು ಬರುವ ಅಮಾವಾಸ್ಯೆಯದು.